ಲೀನವಾದದ್ದು ಎಲ್ಲಿ ಹೋಯಿತು?

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗ ಶ್ವೇತಕೇತುವಿಗೆ ಎರಡು ದೃಷ್ಟಾಂತಗಳನ್ನು ಒಂದರ ಹಿಂದೆ ಒಂದರಂತೆ ಹೇಳುತ್ತಾನೆ. ಮೊದಲನೆಯದು ಜೇನಿನದು. ಜೇನ್ನೊಣಗಳು ಬೇರೆ ಬೇರೆ ಮರಗಳ ರಸವನ್ನು ತಂದು ಒಂದಾಗಿಸುತ್ತವೆ. ಹಾಗೆ ಒಂದಾದ ಮೇಲೆ ನಾನು ಈ ಮರದ ರಸ, ನಾನು ಆ ಮರದ ರಸ ಎಂಬ ಅರಿವು ಆ ರಸಗಳಿಗೆ ಉಳಿಯುವುದಿಲ್ಲ. ಎರಡನೆಯದು ನದಿಗಳದು. ಮೂಡಲ ನದಿ ಮೂಡಲಿಗೆ, ಪಡುವಣ ನದಿ ಪಡುವಣಕ್ಕೆ ಹರಿದು ಸಮುದ್ರ ಸೇರುತ್ತವೆ. ಸೇರಿದ ಮೇಲೆ ತಾನು ಇಂಥ ನದಿ ಎಂದು ಯಾವುದೂ ಹೇಳಿಕೊಳ್ಳಲಾರದು. ಉಪನ್ಯಾಸಗಳಲ್ಲಿ, ಹರಿಕಥೆಗಳಲ್ಲಿ, ತಾಳಮದ್ದಳೆಯ ಅರ್ಥಧಾರಿಗಳ ಬಾಯಲ್ಲಿ ನಾವು ಇದನ್ನು ಎಷ್ಟು ಸಲ ಕೇಳಿಲ್ಲ! ಜೀವಾತ್ಮನು ಪರಮಾತ್ಮನಲ್ಲಿ ಒಂದಾಗುವುದಕ್ಕೆ ಇದಕ್ಕಿಂತ ಒಪ್ಪುವ ಹೋಲಿಕೆ ಸಿಗುವುದು ಕಷ್ಟ.

ಆದರೆ ಗಡಿನಾಡಿನಲ್ಲಿ ಹುಟ್ಟಿ ಬೆಳೆದವರ ಕಿವಿಗೆ ಈ ಮಾತು ಸ್ವಲ್ಪ ಬೇರೆಯಾಗಿ ಕೇಳಿಸುತ್ತದೆ. ಅಧ್ಯಾತ್ಮದಲ್ಲಿ ಯಾವುದು ಬಿಡುಗಡೆಯೋ ಅದೇ ಲೋಕವ್ಯವಹಾರದಲ್ಲಿ ಅಳಿವಾಗಿ ಕಾಣುತ್ತದೆ. ಚಿಕ್ಕದು ದೊಡ್ಡದರಲ್ಲಿ ಕರಗಿತು ಎಂದರೆ ಅದು ಇದೆಯೇ, ಇಲ್ಲವೇ? ಇದ್ದರೆ ಯಾವ ರೀತಿಯಲ್ಲಿ ಇದೆ? ಹಾಗೆ ಇರುವುದಕ್ಕೆ ಯಾರಾದರೂ ಏನಾದರೂ ಸಲ್ಲಿಸಬೇಕಾದ್ದು ಇದೆಯೇ? ಈ ಮೂರು ಪ್ರಶ್ನೆಗಳನ್ನು ನಾನು ರಾಜಕಾರಣದ ಕಡೆಯಿಂದ ಎತ್ತಿಕೊಳ್ಳುವುದಿಲ್ಲ. ಅದನ್ನು ಮಾಡಿದವರು, ಮಾಡುತ್ತಿರುವವರು ಬೇಕಷ್ಟು ಮಂದಿ ಇದ್ದಾರೆ. ಕರಗುವಿಕೆಯ ಉದಾಹರಣೆಗಳಲ್ಲಿ ನಮಗೆ ತಿಳಿದಿರುವ ಅತ್ಯಂತ ದೊಡ್ಡದೊಂದು ಆಕಾಶದಲ್ಲಿದೆ. ಅದನ್ನು ಮೊದಲು ನೋಡಿ, ಆಮೇಲೆ ನೆಲಕ್ಕೆ ಇಳಿಯೋಣ. ಜೇನಿನ ವಿಷಯದಲ್ಲಿ ಮಾತ್ರ ಒಂದು ಮಾತನ್ನು ಇಲ್ಲೇ ಹೇಳಿಬಿಡಬಹುದು. ಒಂದು ಹನಿ ಜೇನನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದರೆ ಅದರಲ್ಲಿ ಹೂಗಳ ಪರಾಗದ ಕಣಗಳು ಕಾಣುತ್ತವೆ. ಬಲ್ಲವರು ಅವುಗಳ ಆಕಾರ ನೋಡಿಯೇ ಇದು ಯಾವ ಗಿಡದ್ದು ಎಂದು ಹೇಳಬಲ್ಲರು. ರಸಕ್ಕೆ ತನ್ನ ಮರದ ನೆನಪಿಲ್ಲದಿರಬಹುದು, ಗುರುತಂತೂ ಉಳಿದಿರುತ್ತದೆ. ನೆನಪು ಬೇರೆ, ಗುರುತು ಬೇರೆ. ಈ ವ್ಯತ್ಯಾಸ ಮುಂದೆ ನಮಗೆ ಬೇಕಾಗುತ್ತದೆ.

ನಕ್ಷತ್ರಗಳು ಯಾವ ದ್ರವ್ಯದಿಂದ ಆಗಿವೆ ಎಂಬುದು ಮನುಷ್ಯನಿಗೆ ಎಂದೆಂದಿಗೂ ತಿಳಿಯದು ಎಂದು ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಮ್ಟ್ 1835ರಲ್ಲಿ ಬರೆದನು. ಅವು ಎಲ್ಲಿವೆ, ಹೇಗೆ ಚಲಿಸುತ್ತವೆ ಎಂದು ಅಳೆಯಬಹುದು. ಹತ್ತಿರ ಹೋಗಿ ಚೂರು ಮುರಿದು ತರುವುದು ಸಾಧ್ಯವಿಲ್ಲವಷ್ಟೆ. ಇಪ್ಪತ್ತೈದು ವರ್ಷ ಕಳೆಯುವಷ್ಟರಲ್ಲಿ ಜರ್ಮನಿಯ ಕಿರ್ಕಾಫ್ ಮತ್ತು ಬುನ್ಸೆನ್ ಆ ಮಾತನ್ನು ಸುಳ್ಳು ಮಾಡಿದರು. ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದಾಗ ಬರುವ ಏಳು ಬಣ್ಣದ ಪಟ್ಟಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ರೋಹಿತ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಕೂದಲೆಳೆಯಂಥ ಗೆರೆಗಳಿರುತ್ತವೆ. ಪ್ರತಿಯೊಂದು ಮೂಲವಸ್ತುವಿಗೂ ಅದರದ್ದೇ ಆದ ಗೆರೆಗಳ ಜಾಗ ಇದೆ. ಸೋಡಿಯಮ್ಮಿನದು ಸೋಡಿಯಮ್ಮಿಗೆ, ಕಬ್ಬಿಣದ್ದು ಕಬ್ಬಿಣಕ್ಕೆ. ದೂರ ಎಷ್ಟೇ ಇರಲಿ, ಬೆಳಕು ತಲುಪಿದರೆ ಸಾಕು, ದ್ರವ್ಯದ ಸುದ್ದಿಯೂ ತಲುಪುತ್ತದೆ.

ಈ ಕಥೆಯ ಒಂದು ದೊಡ್ಡ ಘಟ್ಟ ನಡೆದದ್ದು ನಮ್ಮ ದಖ್ಖಣದ ನೆಲದಲ್ಲೇ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ಪಡುವಣ ಕರಾವಳಿಯಿಂದ ಹೊರಟು ಜಮಖಂಡಿ, ಬಿಜಾಪುರಗಳನ್ನು ಹಾದು ಗುಂಟೂರು, ಮಚಲೀಪಟ್ಟಣದ ಕಡೆಗೆ ಸಾಗಿತು. ಜಮಖಂಡಿಯಲ್ಲಿ ಪ್ರಸಿದ್ಧ ಹರ್ಷೆಲ್ ಮನೆತನದ ಜಾನ್ ಹರ್ಷೆಲ್ ಎಂಬ ಯುವ ಸೈನ್ಯಾಧಿಕಾರಿ, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಇಬ್ಬರೂ ಸೂರ್ಯನ ಅಂಚಿನಲ್ಲಿ ಚಾಚಿದ ಜ್ವಾಲೆಗಳ ರೋಹಿತವನ್ನು ನೋಡಿದರು. ಆ ವರ್ಷದ ವೀಕ್ಷಣೆಗಳಲ್ಲಿ ಕಂಡ ಒಂದು ಹಳದಿ ಗೆರೆ ಭೂಮಿಯ ಮೇಲಿನ ಯಾವ ವಸ್ತುವಿಗೂ ಹೊಂದಲಿಲ್ಲ. ಅದಕ್ಕೆ ಸೂರ್ಯನ ಹೆಸರನ್ನೇ ಇಟ್ಟು ಹೀಲಿಯಮ್ ಎಂದರು. ನೆಲದಲ್ಲಿ ಅದು ರಾಮ್ಸೆಯ ಕೈಗೆ ಸಿಕ್ಕಿದ್ದು 1895ರಲ್ಲಿ. ಜಮಖಂಡಿಗೂ ಗುಂಟೂರಿಗೂ ನಡುವೆ ಭೂಪಟದಲ್ಲಿ ಒಂದು ಗೆರೆ ಎಳೆದರೆ ಅದು ತಾಂಡೂರಿನಿಂದ ಹೆಚ್ಚು ದೂರವಲ್ಲದ ದಾರಿಯಲ್ಲೇ ಹೋಗುತ್ತದೆ. ತಾಂಡೂರಿನ ಹೆಸರು ಮುಂದೆ ಮತ್ತೆ ಬರುತ್ತದೆ.

ಅದೇ ಸೀಮೆ ನಿಜಾಮರ ಆಳಿಕೆಯಲ್ಲಿದ್ದ ಕಾಲಕ್ಕೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯವು ಇಡೀ ಆಕಾಶವನ್ನು ಹಂಚಿಕೊಂಡು ಛಾಯಾಚಿತ್ರ ತೆಗೆದು ಪಟ್ಟಿ ಮಾಡುವ ಅಂತರರಾಷ್ಟ್ರೀಯ ಕಾರ್ಯದಲ್ಲಿ ತನ್ನ ಪಾಲು ವಹಿಸಿಕೊಂಡು ಏಳು ಲಕ್ಷಕ್ಕೂ ಮಿಕ್ಕಿ ನಕ್ಷತ್ರಗಳನ್ನು ದಾಖಲಿಸಿತು. ಬಹಳ ದೊಡ್ಡ ಶ್ರಮ. ಆದರೆ ಆ ಪಟ್ಟಿ ಹೇಳುವುದು ಎರಡೇ ಸಂಗತಿ: ನಕ್ಷತ್ರ ಎಲ್ಲಿದೆ, ಎಷ್ಟು ಬೆಳಗುತ್ತಿದೆ. ಅದು ಎಲ್ಲಿಂದ ಬಂತು ಎಂಬುದು ಪಟ್ಟಿಯಲ್ಲಿಲ್ಲ. ಅದನ್ನು ರೋಹಿತವೇ ಹೇಳಬೇಕು. ಅದನ್ನು ಓದುವ ವ್ಯಾಕರಣವನ್ನು ಕೊಟ್ಟವರು 1920ರಲ್ಲಿ ಮೇಘನಾದ ಸಾಹಾ, 1925ರಲ್ಲಿ ಸೆಸಿಲಿಯಾ ಪೇಯ್ನ್. ನಕ್ಷತ್ರಗಳಲ್ಲಿ ಬಹುಪಾಲು ಜಲಜನಕವೇ ಎಂದು ಆ ಹೆಣ್ಣುಮಗಳು ಲೆಕ್ಕ ಹಾಕಿ ತೋರಿಸಿದಾಗ ಹಿರಿಯ ವಿದ್ವಾಂಸರು ಹಾಗಿರಲಾರದು ಎಂದರು, ನಾಲ್ಕು ವರ್ಷದ ಮೇಲೆ ಹೌದು ಎಂದರು.

ನಮ್ಮ ಕ್ಷೀರಪಥದಲ್ಲಿ ಹತ್ತು ಸಾವಿರ ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಇದರ ಸುತ್ತ ಹತ್ತಾರು ಚಿಕ್ಕ ಗೆಲಾಕ್ಸಿಗಳು ತಿರುಗುತ್ತಿವೆ. ಕೆಲವಕ್ಕೆ ಕೆಲವು ನೂರು ಕೋಟಿ ನಕ್ಷತ್ರ, ಕೆಲವಕ್ಕೆ ಕೆಲವೇ ಸಾವಿರ. ಇವಕ್ಕೆ ಕುಬ್ಜ ಗೆಲಾಕ್ಸಿಗಳು ಎಂದು ಹೆಸರು. ಸ್ಕಲ್ಪ್ಟರ್, ಫೋರ್ನಾಕ್ಸ್ ಎಂಬೆರಡನ್ನು ಹಾರ್ಲೋ ಶ್ಯಾಪ್ಲಿ 1938ರಲ್ಲಿ ಲೋಕಕ್ಕೆ ತಿಳಿಸಿದ. ಗಾತ್ರದಲ್ಲಿ ಮಾತ್ರ ಇವು ಬೇರೆ ಎಂದುಕೊಂಡರೆ ತಪ್ಪು. ದ್ರವ್ಯದಲ್ಲೂ ಬೇರೆ.

ವಿಶ್ವದ ಆರಂಭದಲ್ಲಿ ಇದ್ದದ್ದು ಜಲಜನಕ, ಹೀಲಿಯಮ್, ಲವಲೇಶ ಲಿಥಿಯಮ್. ಉಳಿದದ್ದೆಲ್ಲ ನಕ್ಷತ್ರಗಳ ಒಲೆಯಲ್ಲಿ ಬೆಂದು ಬಂದದ್ದು. ಹೀಲಿಯಮ್ಮಿಗಿಂತ ಭಾರವಾದ ಎಲ್ಲವನ್ನೂ ಖಗೋಳಜ್ಞರು ಲೋಹ ಎಂದೇ ಕರೆಯುತ್ತಾರೆ. ಆಮ್ಲಜನಕವೂ ಅವರಿಗೆ ಲೋಹ, ಇಂಗಾಲವೂ ಲೋಹ. ರಸಾಯನಶಾಸ್ತ್ರದ ಮೇಷ್ಟ್ರುಗಳು ಕೇಳಿದರೆ ಬೆತ್ತ ಹುಡುಕಿಯಾರು. ಸೂರ್ಯನಲ್ಲಿ ಇಂಥ ಲೋಹ ನೂರರಲ್ಲಿ ಸುಮಾರು ಒಂದೂವರೆ ಪಾಲು. ಕುಬ್ಜ ಗೆಲಾಕ್ಸಿಗಳ ನಕ್ಷತ್ರಗಳಲ್ಲಿ ಇದರ ಹತ್ತರಲ್ಲೊಂದು, ನೂರರಲ್ಲೊಂದು, ಕೆಲವೆಡೆ ಸಾವಿರದಲ್ಲೊಂದು ಪಾಲು. ಅವು ಲೋಹವನ್ನು ಬೇಯಿಸಲಿಲ್ಲವೆಂದಲ್ಲ. ದೊಡ್ಡ ನಕ್ಷತ್ರಗಳು ಅಲ್ಲಿಯೂ ಹುಟ್ಟಿದವು, ಅಲ್ಲಿಯೂ ಸಿಡಿದವು. ಆದರೆ ಸಿಡಿದು ಚೆಲ್ಲಿದ್ದನ್ನು ಹಿಡಿದಿಟ್ಟುಕೊಳ್ಳುವಷ್ಟು ಗುರುತ್ವಾಕರ್ಷಣೆ ಆ ಚಿಕ್ಕ ಮನೆಗೆ ಇರಲಿಲ್ಲ. ಬೇಯಿಸಿದ್ದರಲ್ಲಿ ಬಹುಪಾಲು ಹೊರಗೆ ತೂರಿಹೋಯಿತು. ಗೆಲಾಕ್ಸಿ ಚಿಕ್ಕದಾದಷ್ಟೂ ಅದರ ಲೋಹ ಕಡಿಮೆ ಎಂಬ ನಿಯಮ ಅಳೆದ ಕಡೆಯೆಲ್ಲ ಕಂಡುಬಂದಿದೆ. ಗಡಿನಾಡಿನ ಚಿಕ್ಕ ಶಾಲೆಗಳಲ್ಲಿ ಕಲಿತು, ಕಲಿತದ್ದರಿಂದಲೇ ದೂರದ ಊರಿಗೆ ಸಲ್ಲುವವರಾಗಿ ಹೊರಟುಹೋದ ಮಕ್ಕಳ ಹೆತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮ. ಮೆಗ್ನೀಸಿಯಮ್, ಆಮ್ಲಜನಕ ಮೊದಲಾದವು ಬರುವುದು ಮುಖ್ಯವಾಗಿ ಭಾರಿ ನಕ್ಷತ್ರಗಳ ಸಾವಿನಿಂದ. ಅಂಥವು ಹುಟ್ಟಿ ಕೆಲವು ದಶಲಕ್ಷ ವರ್ಷಗಳಲ್ಲೇ ಸಿಡಿಯುತ್ತವೆ. ಕಬ್ಬಿಣದ ಬಹುಭಾಗ ಬರುವುದು ಶ್ವೇತಕುಬ್ಜಗಳೆಂಬ ಆರಿದ ನಕ್ಷತ್ರಗಳ ಸ್ಫೋಟದಿಂದ. ಅದಕ್ಕೆ ಹತ್ತು ಕೋಟಿ ವರ್ಷದಿಂದ ಹಿಡಿದು ನೂರಾರು ಕೋಟಿ ವರ್ಷದ ವಿಳಂಬ ಇದೆ. ದೊಡ್ಡ ಗೆಲಾಕ್ಸಿ ಅವಸರದಲ್ಲಿ ನಕ್ಷತ್ರಗಳನ್ನು ಹೆತ್ತು, ಕಬ್ಬಿಣ ತಡವಾಗಿ ಬಂದು ಸೇರುವ ಮೊದಲೇ ಮೆಗ್ನೀಸಿಯಮ್ಮಿನಿಂದ ಸಿರಿವಂತವಾಗಿರುತ್ತದೆ. ಚಿಕ್ಕದು ನಿಧಾನಿ, ಅದು ಇನ್ನೂ ಬಡವಾಗಿರುವಾಗಲೇ ಕಬ್ಬಿಣ ಬಂದು ಸೇರುತ್ತದೆ. ಹೀಗಾಗಿ ಒಂದು ನಕ್ಷತ್ರದಲ್ಲಿ ಮೆಗ್ನೀಸಿಯಮ್ಮಿಗೂ ಕಬ್ಬಿಣಕ್ಕೂ ಇರುವ ಪ್ರಮಾಣವನ್ನು ಅಳೆದರೆ, ಅದು ಯಾವ ಬಗೆಯ ಮನೆಯಲ್ಲಿ, ಯಾವ ನಡಿಗೆಯ ಬದುಕಿನಲ್ಲಿ ಹುಟ್ಟಿತೆಂದು ಹೇಳಬಹುದು. ಸೂರ್ಯನಿಗಿಂತ ಹಗುರವಾದ ನಕ್ಷತ್ರಗಳು ಸಾವಿರ ಕೋಟಿ ವರ್ಷಕ್ಕೂ ಮಿಕ್ಕಿ ಬಾಳುತ್ತವೆ. ಅವುಗಳ ಬೆಂಕಿ ಒಡಲಾಳದಲ್ಲಿ. ಮೇಲ್ಮೈಯಲ್ಲಿ ಇರುವುದು ಬಹುಮಟ್ಟಿಗೆ ಹುಟ್ಟುವಾಗ ಪಡೆದ ಅನಿಲವೇ. ಮುಪ್ಪಿನಲ್ಲಿ ಒಳಗಿನದು ಸ್ವಲ್ಪ ಮೇಲೆ ಬಂದು ಇಂಗಾಲ, ಸಾರಜನಕಗಳ ಲೆಕ್ಕ ಬದಲಾಗುವುದುಂಟು. ಮೆಗ್ನೀಸಿಯಮ್, ಕಬ್ಬಿಣಗಳ ಲೆಕ್ಕ ಬದಲಾಗುವುದಿಲ್ಲ. ಯಾವ ಗುರುತನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬ ವಿವೇಕವೂ ಈ ಶಾಸ್ತ್ರದ ಭಾಗ.

ಚಿಕ್ಕ ಮನೆಯ ಇನ್ನೊಂದು ಗುಣವನ್ನೂ ಹೇಳಿಬಿಡುತ್ತೇನೆ. ರೆಟಿಕ್ಯುಲಮ್ 2 ಎಂಬ ಅತಿ ಮಂಕಾದ ಗೆಲಾಕ್ಸಿಯ ಒಂಬತ್ತು ನಕ್ಷತ್ರಗಳನ್ನು ಅಲೆಕ್ಸಾಂಡರ್ ಜಿ ಮತ್ತು ಸಂಗಡಿಗರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಏಳರಲ್ಲಿ ಯುರೋಪಿಯಮ್ ಮುಂತಾದ ಅಪರೂಪದ ಭಾರವಸ್ತುಗಳು ಬೇರೆಲ್ಲೂ ಕಾಣದಷ್ಟು ತುಂಬಿದ್ದವು. ಇದಕ್ಕೆ ಒಂದೇ ಒಂದು ಘಟನೆ, ಬಹುಶಃ ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ, ಕಾರಣವೆಂದು ಅವರ ಊಹೆ. ದೊಡ್ಡ ಗೆಲಾಕ್ಸಿಯಲ್ಲಿ ಇಂಥದೊಂದು ನಡೆದರೆ ಎಷ್ಟೋ ಕೋಟಿ ನಕ್ಷತ್ರಗಳ ನಡುವೆ ಹಂಚಿ ಕಾಣದಂತಾಗುತ್ತದೆ. ಚಿಕ್ಕದರಲ್ಲಿ ಮುಂದೆ ಹುಟ್ಟಿದವರೆಲ್ಲರ ಮೈಯಲ್ಲೂ ಅದರ ಬಣ್ಣ. ಮಂಜೇಶ್ವರದ ಗೋವಿಂದ ಪೈಗಳು (1883–1963), ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಬೆಂಗಳೂರಲ್ಲೋ ಮೈಸೂರಲ್ಲೋ ಇದ್ದಿದ್ದರೆ ದೊಡ್ಡವರ ಸಾಲಿನಲ್ಲಿ ಒಬ್ಬರಾಗಿರುತ್ತಿದ್ದರು. ಇಲ್ಲಿ ಅವರು ನಮ್ಮ ಮಾತಿನ ಧಾಟಿಯಲ್ಲೇ ಸೇರಿಹೋಗಿದ್ದಾರೆ.

ಈಗ ಕರಗುವಿಕೆಯ ಕಥೆ. ಸೂರ್ಯನ ನೆರೆಯಲ್ಲಿ ಹಾದುಹೋಗುತ್ತಿರುವ 94 ಹಳೆಯ ನಕ್ಷತ್ರಗಳನ್ನು ಡೆನ್ಮಾರ್ಕಿನ ಪೌಲ್ ನಿಸ್ಸೆನ್ ಮತ್ತು ವಿಲಿಯಮ್ ಶುಸ್ಟರ್ ಅಳೆದು 2010ರಲ್ಲಿ ಒಂದು ವಿಚಿತ್ರ ತೋರಿಸಿದರು. ಕಬ್ಬಿಣ ಒಂದೇ ಮಟ್ಟದಲ್ಲಿದ್ದರೂ ಮೆಗ್ನೀಸಿಯಮ್ ಎರಡು ಮಟ್ಟದಲ್ಲಿತ್ತು. ನಕ್ಷತ್ರಗಳು ಎರಡು ಸಾಲಾಗಿ ಬೇರ್ಪಟ್ಟವು. ಒಂದು ಸಾಲು ಈ ಮನೆಯದು. ಇನ್ನೊಂದು? 2013ರ ಕೊನೆಗೆ ಯುರೋಪಿನವರು ಹಾರಿಸಿದ ಗಾಯಾ ಉಪಗ್ರಹದ ಅಳತೆಗಳು 2018ರಲ್ಲಿ ಬಂದಾಗ ಉತ್ತರ ದೊರೆಯಿತು. ಸುಮಾರು ಸಾವಿರ ಕೋಟಿ ವರ್ಷಗಳ ಹಿಂದೆ ಒಂದು ಕುಬ್ಜ ಗೆಲಾಕ್ಸಿ ಕ್ಷೀರಪಥಕ್ಕೆ ಬಿದ್ದು ಸಂಪೂರ್ಣ ಚದುರಿಹೋಗಿದೆ. ಅದರ ನಕ್ಷತ್ರಗಳು ಇಂದಿಗೂ ನಮ್ಮ ನಡುವೆ ಓಡಾಡುತ್ತಿವೆ. ಆಕಾಶದಲ್ಲಿ ಬೆರಳು ಮಾಡಿ ತೋರಿಸಲು ಅಂಥ ಗೆಲಾಕ್ಸಿ ಈಗ ಇಲ್ಲ. ಗುರುತು ಮಾತ್ರ ನಕ್ಷತ್ರ ನಕ್ಷತ್ರದಲ್ಲಿದೆ. ಅಮೀನಾ ಹೆಲ್ಮಿಯವರ ತಂಡ ಅದನ್ನು ಗಾಯಾ-ಎನ್ಸೆಲಾಡಸ್ ಎಂದಿತು. ವೆಲಗತಿಗಳ ಚಿತ್ರದಲ್ಲಿ ಅದು ಮೂಡಿಸಿದ ಆಕಾರ ನೋಡಿ ಬೆಲೊಕುರೊವ್ ತಂಡ ಸಾಸೇಜ್ ಎಂದಿತು. ಸತ್ತು ಸಾವಿರ ಕೋಟಿ ವರ್ಷವಾದ ಊರಿಗೂ ಎರಡು ಹೆಸರು, ಹೆಸರಿನ ಮೇಲೆ ಚರ್ಚೆ! ಒಂದೇ ಊರನ್ನು ಎರಡು ಭಾಷೆಯ ಫಲಕಗಳಲ್ಲಿ ಎರಡು ಬಗೆಯಾಗಿ ಓದುತ್ತ ಬಸ್ಸು ಹತ್ತುವ ನಮಗೆ ಇದೇನೂ ಹೊಸದಲ್ಲ.

ನೆಲಕ್ಕೆ ಇಳಿಯೋಣ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ್ದು ನಮ್ಮ ಮನೆಮನೆಯ ಕಥೆ. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸಲ್ಲಬೇಕೆಂದು ಹೇಳಿದ್ದೂ, ಅದು ಕಾಗದದಲ್ಲೇ ಉಳಿದದ್ದೂ ಗೊತ್ತಿದೆ. ಅದೇ ದಿನ, ಅದೇ ಕಾಯ್ದೆಯಿಂದ, ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲೂಕುಗಳೂ ಬೀದರ್ ಜಿಲ್ಲೆಯ ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಹೋದವು. 2014ರಿಂದ ಅವು ತೆಲಂಗಾಣ. ಅಲ್ಲಿಯ ಕನ್ನಡಿಗರ ವಿಷಯ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನಮ್ಮ ಹಾಗೆ ಅವರೂ ಒಂದು ರಾತ್ರಿಯಲ್ಲಿ ಅಲ್ಪಸಂಖ್ಯಾತರಾದವರು. ಮನೆ ಕದಲಲಿಲ್ಲ, ಹೊಲ ಕದಲಲಿಲ್ಲ, ಗೆರೆ ಕದಲಿತು.

ಕೊಡಂಗಲ್ ಕಡೆಯ ದೌಲತಾಬಾದಿನಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮುತ್ಯಾ ಕನ್ನಡ ಶಾಲೆಯಲ್ಲಿ ಓದಿದವನು. ಮಗ ತೆಲುಗಿನಲ್ಲಿ ಓದಿ ಮನೆಯಲ್ಲಿ ಕನ್ನಡ ಆಡುತ್ತಾನೆ. ಮೊಮ್ಮಗ ಇಂಗ್ಲಿಷ್ ಮಾಧ್ಯಮ. ತೊಗರಿ ಒಣಹಾಕುತ್ತ ಅವ್ವ ಕನ್ನಡದಲ್ಲಿ ಕರೆದರೆ ಅವನು 'ಒಸ್ತುನ್ನ' ಎಂದು ತೆಲುಗಿನಲ್ಲಿ ಓಗೊಡುತ್ತಾನೆ. ಕರೆದದ್ದು ಅವನಿಗೆ ಅರ್ಥವಾಗಿದೆ. ಅವನ ಮಗನಿಗೆ ಅಷ್ಟೂ ಇರಲಾರದು. ಆದರೂ ಆ ಮನೆಯ ಅಡ್ಡಹೆಸರಿನಲ್ಲಿ, ಹೊಲದ ಹೆಸರಿನಲ್ಲಿ, ಮದುವೆಯ ಶಾಸ್ತ್ರವೊಂದರ ಮಾತಿನಲ್ಲಿ ಕನ್ನಡ ಉಳಿದಿರುತ್ತದೆ. ನೂರು ವರ್ಷದ ಮೇಲೆ ಭಾಷಾಶಾಸ್ತ್ರಜ್ಞರೊಬ್ಬರು ಬಂದು ಅವರ ತೆಲುಗನ್ನು ಕೇಳಿ, ಇದರ ಅಡಿಯಲ್ಲಿ ಕನ್ನಡ ಇದೆ ಎಂದು ನಿಸ್ಸೆನ್ ಹಾಗೆಯೇ ಎರಡು ಸಾಲು ಬಿಡಿಸಿ ತೋರಿಸಿಯಾರು. ಹಾಗಾದರೆ ಏನೂ ಕಳೆದುಹೋಗಲಿಲ್ಲ ಎಂದು ಸಮಾಧಾನ ಪಡಬಹುದೇ?

ಪಡಬಾರದು ಎಂದು ನನ್ನ ಅಭಿಪ್ರಾಯ. ಇಲ್ಲಿ ನಕ್ಷತ್ರದ ಹೋಲಿಕೆ ನಮಗೆ ಒದಗುವುದಿಲ್ಲ; ಒದಗದಿರುವುದೇ ಅದರ ಪ್ರಯೋಜನ. ಗಾಯಾ-ಎನ್ಸೆಲಾಡಸಿನ ನಕ್ಷತ್ರಗಳಲ್ಲಿ ಗುರುತು ಉಳಿದಿದೆ, ಆದರೆ ಅವು ಒಂದನ್ನೊಂದು ಗುರುತಿಸುವುದಿಲ್ಲ. ಗುರುತಿಸುವವನು ಹೊರಗೆ, ದೂರದರ್ಶಕದ ಹಿಂದೆ ಕೂತಿದ್ದಾನೆ. ಭಾಷೆ ಮೈಯಲ್ಲಿ ಅಂಟಿದ ದ್ರವ್ಯವಲ್ಲ, ಇಬ್ಬರ ನಡುವೆ ಆಗುವ ಸಂಗತಿ. ಒಬ್ಬನಲ್ಲಿ ಅದು ಎಷ್ಟೇ ಅಚ್ಚಳಿಯದೆ ಇದ್ದರೂ ಉತ್ತರ ಕೊಡುವ ಇನ್ನೊಬ್ಬನಿಲ್ಲದಿದ್ದರೆ ಅದು ದಾಖಲೆ ಮಾತ್ರ. ನಕ್ಷತ್ರಕ್ಕೆ ತನ್ನ ಮೆಗ್ನೀಸಿಯಮ್ ಉಳಿಸಿಕೊಳ್ಳಲು ಯಾವ ಶ್ರಮವೂ ಬೇಡ. ಅವ್ವನಿಗೆ ದಿನಾ ಕರೆಯಬೇಕು, ಮಗನಿಗೆ ದಿನಾ ಓಗೊಡಬೇಕು. ಆದುದರಿಂದ ಮೊದಲ ಪ್ರಶ್ನೆಗೆ ಉತ್ತರ ಎರಡು ಬಗೆ: ದ್ರವ್ಯವಾಗಿ ಲೀನವಾದದ್ದು ಇದೆ, ಬಾಳುವೆಯಾಗಿ ಇಲ್ಲ.

ಹಾಗಾದರೆ ಉಳಿಸುವುದು ಕರ್ತವ್ಯವೇ? ಹೆಚ್ಚಿನ ಸಭೆಗಳಲ್ಲಿ ನಾವು ಬಹಳ ಸುಲಭವಾಗಿ ಹೌದು ಎನ್ನುತ್ತೇವೆ: ಪೂರ್ವಿಕರು ಆಡಿದರು, ನಾವೂ ಆಡಬೇಕು. ಆದರೆ ಹೀಗಿದೆ ಎಂಬುದರಿಂದ ಹೀಗಿರಬೇಕು ಎಂಬುದು ತಾನಾಗಿ ಹೊರಡುವುದಿಲ್ಲ ಎಂದು ಹದಿನೆಂಟನೆಯ ಶತಮಾನದಲ್ಲೇ ಹ್ಯೂಮ್ ಎಚ್ಚರಿಸಿದ್ದಾನೆ. ನನ್ನ ರಕ್ತದಲ್ಲಿ ಕಬ್ಬಿಣವಿದೆ, ಅದು ಯಾವುದೋ ಶ್ವೇತಕುಬ್ಜದ್ದು. ಆ ಶ್ವೇತಕುಬ್ಜಕ್ಕೆ ನಾನು ಏನನ್ನೂ ತೀರಿಸಬೇಕಾಗಿಲ್ಲ. ಮೂಲವೆಂಬುದು ಆಜ್ಞೆ ಮಾಡುವುದಿಲ್ಲ. ಸತ್ತವರ ಋಣವೆಂದು ಹೇಳಿ ಮಗುವಿನ ಹೆಗಲಿಗೆ ಒಂದು ಭಾಷೆಯನ್ನು ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ನನಗೆ ಒಪ್ಪಿಗೆಯಾಗುವ ಕಾರಣ ಬೇರೆ, ಅದು ಹಿಂದಿನವರ ಕಡೆಯಿಂದ ಬರುವುದಲ್ಲ, ಮುಂದಿನವರ ಕಡೆಯಿಂದ. ಚಿಕ್ಕಂದಿನಲ್ಲಿ ಕೊಟ್ಟ ಭಾಷೆಯನ್ನು ಮಗು ದೊಡ್ಡದಾದ ಮೇಲೆ ಬೇಡವೆಂದು ಬಿಡಬಹುದು. ಕೊಡದಿದ್ದ ಭಾಷೆಯನ್ನು ಮೂವತ್ತು ವರ್ಷದಲ್ಲಿ ಬೇಕೆಂದರೆ ಪುಸ್ತಕದ ಭಾಷೆಯಾಗಿ ಕಲಿತಾನು, ಅಜ್ಜಿಯೊಂದಿಗೆ ಜಗಳವಾಡುವ ಭಾಷೆಯಾಗಿ ಅಲ್ಲ. ಅಷ್ಟು ಹೊತ್ತಿಗೆ ಅಜ್ಜಿಯೂ ಇರುವುದಿಲ್ಲ. ಕೊಟ್ಟವರು ಆಯ್ಕೆಯನ್ನು ಮಗುವಿಗೆ ಬಿಟ್ಟರು. ಕೊಡದವರು ಮಗುವಿನ ಪರವಾಗಿ ತಾವೇ ತೀರ್ಮಾನಿಸಿದರು. ಈ ಎರಡು ಸಮಾನವಲ್ಲ. ಇದಕ್ಕೆ ಎದುರಾಗಿ ಹೇಳಬಹುದಾದದ್ದೂ ಇದೆ, ಅದು ಹಗುರವಲ್ಲ: ಮಗುವಿನ ದಿನಕ್ಕೆ ಇಷ್ಟೇ ಗಂಟೆ. ಎರಡೆಕರೆ ತೊಗರಿ ನಂಬಿದ ತಂದೆ ಮಗನ ಕೆಲಸದ ಯೋಚನೆಯಲ್ಲಿ ಕನ್ನಡವನ್ನು ಬಿಡಿಸಿದರೆ, ಸಂಬಳದ ಖಾತ್ರಿಯಿರುವ ನಾವು ಇಲ್ಲಿ ಕುಳಿತು ಅವನನ್ನು ದೂರುವುದು ಅಂದವಲ್ಲ. ಹಿಡಿದಿಟ್ಟುಕೊಳ್ಳುವ ಬಲ ಒಬ್ಬೊಬ್ಬ ನಕ್ಷತ್ರದಲ್ಲಿ ಇರುವುದಿಲ್ಲ, ಇಡೀ ಗೆಲಾಕ್ಸಿಯ ರಾಶಿಯಲ್ಲಿ ಇರುತ್ತದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ ಸಂವಿಧಾನದ 350ಎ ವಿಧಿ 1956ರಲ್ಲೇ, ರಾಜ್ಯಗಳ ಮರುವಿಂಗಡಣೆಯ ಜೊತೆಗೇ, ಸೇರಿದ್ದು. ಅಂದರೆ ಗೆರೆ ಎಳೆದವರಿಗೆ ಗೊತ್ತಿತ್ತು: ರಾಶಿಯನ್ನು ಒಡೆದ ಮೇಲೆ ಹೊರಗಿನಿಂದ ಆಸರೆ ಕೊಡದೆ ನಿಲ್ಲದು ಎಂದು. ಶಾಲೆ ಇಲ್ಲದಂತಾಗಿಸಿ, ಆಮೇಲೆ ಕೇಳುವವರೇ ಇಲ್ಲ ಎನ್ನುವುದು ನ್ಯಾಯವಲ್ಲ. 2017ರಲ್ಲಿ ಕೇರಳವೂ 2018ರಲ್ಲಿ ತೆಲಂಗಾಣವೂ ಶಾಲೆಗಳಲ್ಲಿ ತಮ್ಮ ರಾಜ್ಯಭಾಷೆಯ ಕಲಿಕೆಯನ್ನು ಕಡ್ಡಾಯ ಮಾಡಿ ಕಾಯ್ದೆ ತಂದವು. ನಾಡಿನ ಭಾಷೆ ಕಲಿಯುವುದು ಕೇಡೆಂದು ನಾನು ಭಾವಿಸುವುದಿಲ್ಲ. ಅರ್ಧ ಮಲಯಾಳದಲ್ಲಿ ಇರುವ ಈ ವಾರ್ಷಿಕಕ್ಕೆ ಬರೆಯುತ್ತ ಹಾಗೆ ಹೇಳುವುದು ಹೇಗೆ? ಸೇರಿಸಿ ಕಲಿಸುವುದು ಬೇರೆ, ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು ಬೇರೆ.

ಉದ್ದಾಲಕನ ಹೋಲಿಕೆಗೆ ಇಲ್ಲಿ ಒಮ್ಮೆ ಹಿಂತಿರುಗಬೇಕು. ಅಲ್ಲಿ ಕರಗುವ ಮಾತನ್ನು ಆಡುತ್ತಿರುವವನು ತಂದೆ, ಕೇಳುತ್ತಿರುವವನು ಮಗ, ಇಬ್ಬರೂ ನದಿಯ ಕಡೆಯವರು. ಸಮುದ್ರವೇ ನದಿಗೆ ಈ ಉಪದೇಶ ಮಾಡಿದ್ದರೆ ಅದರ ಅರ್ಥ ಬೇರೆಯಾಗುತ್ತಿತ್ತು. ಸಮುದ್ರವೂ ಮೊದಲಿದ್ದ ಹಾಗೆ ಇರುವುದಿಲ್ಲವೆಂಬುದನ್ನು ಯಾರೂ ಹೇಳುವುದಿಲ್ಲ. ಆ ಹಳೆಯ ಡಿಕ್ಕಿಯಿಂದ ಕ್ಷೀರಪಥದ ಸ್ವಂತ ನಕ್ಷತ್ರಗಳೂ ಎಷ್ಟೋ ತಮ್ಮ ತೆಳ್ಳನೆಯ ತಟ್ಟೆಯಿಂದ ಎದ್ದು ಚೆದುರಿದವು ಎಂದು ಈಗ ಕಂಡುಬಂದಿದೆ. ಕಾಸರಗೋಡಿನ ಮಲಯಾಳವನ್ನು ತಿರುವನಂತಪುರದವರು ಕೇಳಿ ನಗುವುದೂ ಇದೇ ಕಾರಣಕ್ಕೆ. ಅದರಲ್ಲಿ ಕನ್ನಡವೂ ತುಳುವೂ ಕಲಸಿದೆ.

ಇನ್ನು ನಮ್ಮವರಲ್ಲೇ ಕೆಲವರಿಗೆ ಅಚ್ಚತನದ ಹಂಬಲ. ಬೆರಕೆಯಾದದ್ದು ಕೆಟ್ಟಿತು ಎಂಬ ಭಾವನೆ. ಲೋಹದ ಸೋಂಕೇ ಇಲ್ಲದ, ಅಚ್ಚ ಜಲಜನಕ ಹೀಲಿಯಮ್ಮಿನ ಮೊದಲ ತಲೆಮಾರಿನ ನಕ್ಷತ್ರವನ್ನು ಖಗೋಳಜ್ಞರು ಹುಡುಕುತ್ತಲೇ ಇದ್ದಾರೆ. ಇದುವರೆಗೆ ಒಂದೂ ಸಿಕ್ಕ ದಾಖಲೆಯಿಲ್ಲ. ಸಿಕ್ಕರೆ ಅದರ ಸುತ್ತ ಮಣ್ಣಿನ ಗ್ರಹ ಇರಲಾರದು, ನೀರಿರಲಾರದು. ಅದಕ್ಕೆ ಬೇಕಾದ ದ್ರವ್ಯವೇ ಅಂದು ಇರಲಿಲ್ಲ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎರಡು ಮೀಟರ್ ದೂರದರ್ಶಕವಿದೆ. ಅದನ್ನು ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಅಲ್ಲಿಯ ವಿಜ್ಞಾನಿಗಳು ಇಂಥ ಲೋಹಬಡ ನಕ್ಷತ್ರಗಳ ರೋಹಿತಗಳನ್ನು ವರ್ಷಗಳಿಂದ ಓದುತ್ತಿದ್ದಾರೆ. ಅತ್ಯಂತ ಅಚ್ಚವಾದದ್ದಕ್ಕೆ ಶಾಸ್ತ್ರದಲ್ಲಿ ಇರುವ ಹೆಸರು ಬಡ ಎಂಬುದೇ.

ಬೆರಕೆಯ ಮಾತು ಬಂದ ಮೇಲೆ ಇನ್ನೊಂದನ್ನು ಮುಚ್ಚಿಡಲಾಗದು. ಕಾಸರಗೋಡಿನ ಕನ್ನಡಿಗರೆಂದು ನಾವು ಎಣಿಸುವವರಲ್ಲಿ ಎಷ್ಟು ಮನೆಗಳ ಒಲೆಯ ಮುಂದಿನ ಮಾತು ಕನ್ನಡ? ತುಳು, ಕೊಂಕಣಿ, ಮರಾಠಿ ಆಡುವ ಮನೆಗಳು ಶಾಲೆಗಾಗಿ, ಪುಸ್ತಕಕ್ಕಾಗಿ ಕನ್ನಡವನ್ನು ತಮ್ಮದೆಂದು ಒಪ್ಪಿಕೊಂಡಿವೆ. ನಮ್ಮ ಹೋರಾಟದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂತವರು ಅವರೇ. ಜನಗಣತಿಯ ಒಂದು ಅಂಕಣಕ್ಕೆ ಈ ಸತ್ಯ ಹಿಡಿಯುವುದಿಲ್ಲ. ಆದರೆ ನಾವು ಮಲಯಾಳದ ಮುಂದೆ ಇಟ್ಟ ಪ್ರಶ್ನೆಯನ್ನು ತುಳು ನಮ್ಮ ಮುಂದೆ ಇಟ್ಟರೆ? ಕೊರಗರ ನುಡಿ ತುಳುವಿನ ಮುಂದೆ ಇಟ್ಟರೆ? ದೊಡ್ಡ ಮೆಗೆಲನ್ ಮೇಘವೆಂಬ ಗೆಲಾಕ್ಸಿ ಈಗ ನಮ್ಮಿಂದ 1,60,000 ಜ್ಯೋತಿರ್ವರ್ಷ ದೂರದಲ್ಲಿದ್ದು ಮುಂದೊಂದು ದಿನ ಕ್ಷೀರಪಥದಲ್ಲಿ ಸೇರಿಹೋಗಲಿದೆ. ಗಾಯಾದ ಅಳತೆಗಳಿಂದ ತಿಳಿದ ಸಂಗತಿಯೆಂದರೆ, ಅದು ಒಂಟಿಯಾಗಿ ಬರುತ್ತಿಲ್ಲ. ತನಗಿಂತ ಚಿಕ್ಕವಾದ ಕೆಲವು ಗೆಲಾಕ್ಸಿಗಳನ್ನು ತನ್ನ ಸೆಳೆತದಲ್ಲಿ ಕಟ್ಟಿಕೊಂಡು ತರುತ್ತಿದೆ. ಒಂದೇ ಕಾಲಕ್ಕೆ ಅದು ನುಂಗಲ್ಪಡುವುದೂ ಹೌದು, ನುಂಗುವುದೂ ಹೌದು. ನಮ್ಮ ಮನವಿಪತ್ರಗಳಲ್ಲಿ ಮೊದಲರ್ಧ ಮಾತ್ರ ಬರೆದಿರುತ್ತದೆ.

ಕರಗಿದ್ದರ ಗುರುತನ್ನು ಬರಿಗಣ್ಣಿನಲ್ಲಿ ನೋಡಬೇಕೆನ್ನುವವರು ಏಪ್ರಿಲ್ ಕೊನೆಯಲ್ಲಿ, ಮೋಡವಿಲ್ಲದ ರಾತ್ರಿ ಹನ್ನೊಂದರ ಸುಮಾರಿಗೆ, ದೀಪಗಳಿಲ್ಲದ ಗದ್ದೆಯಲ್ಲೋ ಕಡಲ ಕರೆಯಲ್ಲೋ ನಿಂತು ತೆಂಕಣಕ್ಕೆ ಮುಖ ಮಾಡಬಹುದು. ದಿಗಂತದಿಂದ ಮೂವತ್ತು ಡಿಗ್ರಿ ಎತ್ತರದಲ್ಲಿ ಮಸುಕಾದ ನಕ್ಷತ್ರದಂತೆ ಒಂದು ಮಚ್ಚೆ ಕಾಣುತ್ತದೆ. ದುರ್ಬೀನಿನಲ್ಲಿ ಅದು ಉಜ್ಜಿದ ಸುಣ್ಣದ ಹಾಗೆ ಹರಡಿಕೊಳ್ಳುತ್ತದೆ. ಹೆಸರು ಒಮೆಗಾ ಸೆಂಟಾರಿ. ದೂರ ಸುಮಾರು 17,000 ಜ್ಯೋತಿರ್ವರ್ಷ, ನಕ್ಷತ್ರಗಳು ಸುಮಾರು ಒಂದು ಕೋಟಿ. ಸಾಮಾನ್ಯ ನಕ್ಷತ್ರಗುಚ್ಛಗಳಲ್ಲಿ ಎಲ್ಲವುಗಳ ಕಬ್ಬಿಣದ ಪ್ರಮಾಣ ಒಂದೇ ಇರುತ್ತದೆ. ಇದರಲ್ಲಿ ಹಲವು ಮಟ್ಟಗಳಿವೆ. ಯಾವಾಗಲೋ ಚದುರಿಹೋದ ಒಂದು ಕುಬ್ಜ ಗೆಲಾಕ್ಸಿಯ ಒಡಲ ನಡು ಭಾಗ ಮಾತ್ರ ಹೀಗೆ ಉಳಿದಿದೆ ಎಂದು ಹೆಚ್ಚಿನ ಖಗೋಳಜ್ಞರು ಎಣಿಸುತ್ತಾರೆ. ತಾಂಡೂರು, ದೌಲತಾಬಾದುಗಳಿಂದ ನೋಡುವವರಿಗೆ ಅದು ನಮಗಿಂತ ಐದು ಡಿಗ್ರಿಯಷ್ಟು ಕೆಳಗೆ ಇರುತ್ತದೆ.